ಅಪ್ಪ 71ರ ಯುದ್ಧದಲ್ಲಿ ಲಾರಿ ಓಡಿಸಿದವರು, ಅಣ್ಣ ರೈಫಲ್ ಹಿಡಿದ ಪುತ್ಥಳಿ ಮಾಡಿಸಲು ಹೊರಟಿದ್ದಾನೆ. ಏನು ಮಾಡಲಿ?

ಘಟಪ್ರಭಾ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಗೋಕಾಕ ಕಡೆಯ ಹಳ್ಳಿ. ಅಪ್ಪ ಹೋದ ವರ್ಷ ತೀರಿಕೊಂಡರು. 1966ರಲ್ಲಿ ಸೇನೆ ಸೇರಿದವರು, ಆರ್ಮಿ ಸರ್ವಿಸ್ ಕೋರ್, ಅಂದರೆ ಎಎಸ್‌ಸಿಯಲ್ಲಿ ಡ್ರೈವರ್. 71ರ ಯುದ್ಧದ ಹೊತ್ತಿಗೆ ಪಠಾಣ್‌ಕೋಟ್, ಸಾಂಬಾ ಕಡೆ ಇದ್ದರು. ಶಕ್ತಿಮಾನ್ ಲಾರಿಯಲ್ಲಿ ಮದ್ದುಗುಂಡು, ಡೀಸೆಲ್, ರೇಷನ್ ಸಾಗಿಸುತ್ತಿದ್ದರು. 1981ರಲ್ಲಿ ಪಿಂಚಣಿ ತಗೊಂಡು ಬಂದವರು ಮತ್ತೆ ಆ ಕಡೆ ಹೋಗಲಿಲ್ಲ, ಜಾಸ್ತಿ ಮಾತೂ ಆಡಲಿಲ್ಲ.

ಈಗ ವರ್ಷದ ಪುಣ್ಯತಿಥಿ ಹತ್ತಿರ ಬಂದಿದೆ. ಊರ ಅಗಸಿಯ ಹತ್ತಿರ ಫೈಬರ್ ಪುತ್ಥಳಿ ನಿಲ್ಲಿಸಬೇಕು ಅಂತ ಅಣ್ಣ ಹಟ ಹಿಡಿದಿದ್ದಾನೆ. ಹೆಲ್ಮೆಟ್, ಕೈಯಲ್ಲಿ ರೈಫಲ್, ಒಂದು ಕಾಲು ಮುಂದೆ. ಕಲಾವಿದರ ಹತ್ತಿರ ದರವೂ ಕೇಳಿಕೊಂಡು ಬಂದಿದ್ದಾನೆ. ನನಗೆ ಯಾಕೋ ಒಪ್ಪುತ್ತಿಲ್ಲ. ಅಪ್ಪ ಹಾಗೆ ನಿಂತದ್ದನ್ನು ನಾವ್ಯಾರೂ ನೋಡಿಲ್ಲ.

ಇನ್ನೊಂದು ವಿಷಯ. ಮನೆಯಲ್ಲಿ ಒಂದೇ ಪದಕ ಇದೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ನಾಲ್ಕರ ಹೆಸರಿದೆ. ಉಳಿದವು ಎಲ್ಲಿ ಹೋದವು? ಈಗ ಕೇಳಿದರೆ ಕೊಡುತ್ತಾರಾ?

ಹಳೇ ಸುಬೇದಾರ್

ಮೊದಲು ಪದಕದ ಮಾತು. ಮನೆಯಲ್ಲಿರುವ ಪದಕದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ನಂಬರ್, ರ‍್ಯಾಂಕ್, ಹೆಸರು ಕೊರೆದಿರುತ್ತದೆ. ಕೊರೆದಿದ್ದರೆ ಸರ್ಕಾರ ಕೊಟ್ಟದ್ದು. ಖಾಲಿ ಇದ್ದರೆ ಪರೇಡಿಗೆ ಅಂತ ಯಾವುದೋ ಕಂಟೋನ್ಮೆಂಟ್ ಅಂಗಡಿಯಲ್ಲಿ ಕೊಂಡದ್ದಿರಬಹುದು. ಇಂಥದ್ದು ತುಂಬಾ ಜನರ ಮನೆಯಲ್ಲಿ ಇರುತ್ತದೆ, ಬೇಜಾರಾಗಬೇಡಿ.

ಅವರ ಕಾಲಕ್ಕೆ ಬರಬೇಕಾದ ನಾಲ್ಕು ಇವೇ ಇರಬೇಕು. ಗಡಿ ರಾಜ್ಯಗಳಲ್ಲಿ 71ರ ಕಾರ್ಯಾಚರಣೆಯಲ್ಲಿ ಇದ್ದವರಿಗೆ ಸಂಗ್ರಾಮ ಮೆಡಲ್. ಪಶ್ಚಿಮದ ಯುದ್ಧಭೂಮಿಯಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್. 1972ರಲ್ಲಿ ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದಾಗ ಸೇವೆಯಲ್ಲಿದ್ದವರಿಗೆ ಒಂದು. ಒಂಬತ್ತು ವರ್ಷದ ಸೇವೆಗೆ ಇನ್ನೊಂದು. 66ರಲ್ಲಿ ಸೇರಿದವರಾದ್ದರಿಂದ 65ರ ಯುದ್ಧದ ರಕ್ಷಾ ಮೆಡಲ್, ಸಮರ ಸೇವಾ ಸ್ಟಾರ್ ಎರಡೂ ಇವರಿಗಿಲ್ಲ. ಇದನ್ನು ಹೇಳುವುದು ಯಾಕೆಂದರೆ ಕೆಲವು ಮಕ್ಕಳು ಫೋಟೋಗೆ ಹಾಕಲು ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಕೊಂಡು ಸಾಲಾಗಿ ಚುಚ್ಚುತ್ತಾರೆ. ಗೊತ್ತಿದ್ದವರು ಒಮ್ಮೆ ನೋಡಿದರೆ ಸಾಕು, ಅಪ್ಪನ ಮರ್ಯಾದೆ ಹೋಗುತ್ತದೆ.

ಯುದ್ಧ ಮುಗಿದು ಪದಕ ತಯಾರಾಗಿ ಯೂನಿಟ್ಟಿಗೆ ಬರುವಷ್ಟರಲ್ಲಿ ವರ್ಷಗಳೇ ಹಿಡಿಯುತ್ತಿದ್ದವು. ಅಷ್ಟರಲ್ಲಿ ಮನುಷ್ಯನ ಪೋಸ್ಟಿಂಗ್ ಬದಲಾಗಿರುತ್ತದೆ, ಇಲ್ಲವೇ ಅವನು ಪಿಂಚಣಿಗೆ ಹೋಗಿರುತ್ತಾನೆ. ಹಾಗಾಗಿ ಪುಸ್ತಕದಲ್ಲಿ ಇರುತ್ತದೆ, ಎದೆಯ ಮೇಲೆ ಇರುವುದಿಲ್ಲ. ಡಿಸ್ಚಾರ್ಜ್ ಬುಕ್ಕಿನ ಮುದ್ರೆ ನೋಡಿದರೆ ಯಾವ ರೆಕಾರ್ಡ್ ಆಫೀಸ್ ಅಂತ ಗೊತ್ತಾಗುತ್ತದೆ. ಬುಕ್ಕಿನ ಪ್ರತಿ, ಮರಣ ಪ್ರಮಾಣಪತ್ರ, ನಿಮ್ಮ ತಾಯಿಯವರ ಪಿಪಿಒ (ಪಿಂಚಣಿ ಆದೇಶದ ಪತ್ರ) ಮತ್ತು ಗುರುತಿನ ಚೀಟಿ ಸೇರಿಸಿ ಅಲ್ಲಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆಯಿರಿ. ಅರ್ಜಿ ತಾಯಿಯವರ ಹೆಸರಲ್ಲೇ ಇರಲಿ. "ಕೊಟ್ಟೇ ಇಲ್ಲ" ಎನ್ನುವುದು ಬೇರೆ, "ಕೊಟ್ಟದ್ದು ಕಳೆದಿದೆ" ಎನ್ನುವುದು ಬೇರೆ. ಎರಡನ್ನೂ ಕಲಸಿ ಬರೆದರೆ ಅರ್ಜಿ ವಾಪಸ್ ಬರುತ್ತದೆ. ಬೆಳಗಾವಿಯಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ ಇದೆ, ಅರ್ಜಿ ಬರೆಯಲು ಸಹಾಯ ಕೇಳಿ.

ಪುತ್ಥಳಿ ಬಗ್ಗೆ ನಾನು ಮಾತಾಡುವುದಿಲ್ಲ, ಅದು ಮನೆಯ ವಿಷಯ.

ಧಾರವಾಡದ ಬಿಸಿಲು

ನಾನು ಮಾತಾಡ್ತೀನಿ. ಪುತ್ಥಳಿ ಬೇಡ. ಎರಡು ಮಳೆಗಾಲ ಕಳೆದರೆ ಫೈಬರ್ ಬಣ್ಣ ಬಿಡುತ್ತದೆ, ಮೂಗು ಒಡೆಯುತ್ತದೆ, ಜಾತ್ರೆ ಬಂದರೆ ಯಾರದೋ ಬ್ಯಾನರಿನ ಹಗ್ಗ ಅದರ ಕುತ್ತಿಗೆಗೇ ಕಟ್ಟುತ್ತಾರೆ. ನಮ್ಮೂರಲ್ಲಿ ಒಂದು ಪುತ್ಥಳಿಗೆ ವರ್ಷಕ್ಕೊಮ್ಮೆ ಹಾರ ಬೀಳುತ್ತದೆ, ಮುಂದಿನ ವರ್ಷದವರೆಗೆ ಅದೇ ಒಣಗಿದ ಹಾರ. ಅದೇ ದುಡ್ಡಲ್ಲಿ ಶಾಲೆಗೆ ಒಂದು ದತ್ತಿ ಇಡಿ ಸರ್.

ಪಂಚಾಯ್ತಿ ಕಟ್ಟೆ

ಅಲ್ಲ ಸ್ವಾಮಿ, ಊರೂರಿಗೆ ರಾಜಕಾರಣಿಗಳ ಪುತ್ಥಳಿ ಇರಬಹುದು, ಒಬ್ಬ ಲಾರಿ ಡ್ರೈವರನದ್ದು ಬೇಡವಾ? ನನಗಂತೂ ಅಣ್ಣನ ಆಸೆ ತಪ್ಪು ಅನ್ನಿಸುತ್ತಿಲ್ಲ.

ಆದರೆ ಜಾಗದ ಬಗ್ಗೆ ಹುಷಾರು. ನಾನು ಒಂದು ಅವಧಿಗೆ ಮಂಡ್ಯ ಕಡೆ ಗ್ರಾಮ ಪಂಚಾಯ್ತಿ ಸದಸ್ಯನಾಗಿದ್ದವನು. ರಸ್ತೆ, ಫುಟ್‌ಪಾತ್, ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪುತ್ಥಳಿಗೆ ಅನುಮತಿ ಕೊಡಬಾರದು ಅಂತ 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಅಗಸಿ ಎಂದರೆ ರಸ್ತೆಯೇ ಅಲ್ವಾ? ಯಾರಾದರೂ ಒಬ್ಬರು ತಕರಾರು ತೆಗೆದರೆ ಬಟ್ಟೆ ಸುತ್ತಿಕೊಂಡು ನಿಂತ ಪುತ್ಥಳಿ ಹಾಗೇ ಇರುತ್ತದೆ, ಉದ್ಘಾಟನೆ ಆಗುವುದಿಲ್ಲ. ಸತ್ತವರನ್ನು ಆ ಸ್ಥಿತಿಗೆ ತರಬೇಡಿ. ಸ್ವಂತ ಹೊಲದಲ್ಲಿ, ಮನೆ ಮುಂದೆ ಮಾಡಿಕೊಳ್ಳಿ, ಯಾರೂ ಕೇಳುವುದಿಲ್ಲ.

ತಂಬಿಯ ಮಗಳು

ಪಠಾಣ್‌ಕೋಟ್, ಸಾಂಬಾ ಎಂದು ಓದಿದ ಕೂಡಲೇ ಬರೆಯೋಣ ಅನ್ನಿಸಿತು. ನಮ್ಮಪ್ಪನೂ ಅದೇ ಕಡೆ ಇದ್ದವರು. ಎಂಇಜಿ, ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರುಗಳ ಪಡೆ. ಬೆಂಗಳೂರಲ್ಲಿ ಹಲಸೂರು ಕೆರೆ ಪಕ್ಕದಲ್ಲಿರುವುದು ಅವರದೇ ಸೆಂಟರ್. ಅಲ್ಲಿಯ ಜವಾನರನ್ನು ತಂಬಿಗಳು ಅಂತಲೇ ಕರೆಯುವುದು.

71ರಲ್ಲಿ ಆ ಕಡೆ ನಡೆದ ಬಸಂತರ್ ನದಿಯ ಕಾಳಗ ಎಂದರೆ ಎಲ್ಲರಿಗೂ ಅರುಣ್ ಖೇತರ್‌ಪಾಲ್ ನೆನಪಾಗುತ್ತಾರೆ. ಆಗಲೇಬೇಕು. 21 ವರ್ಷದ ಹುಡುಗ, ಉರಿಯುತ್ತಿದ್ದ ಟ್ಯಾಂಕ್ ಬಿಟ್ಟು ಇಳಿಯಲಿಲ್ಲ, ಪರಮವೀರ ಚಕ್ರ ಬಂತು. ಆದರೆ ಆ ಟ್ಯಾಂಕುಗಳು ನದಿ ದಾಟಿ ಆ ಕಡೆ ಹೋದದ್ದು ಹೇಗೆ? ಡಿಸೆಂಬರ್ 15ರ ರಾತ್ರಿ ಮೈನ್‌ಫೀಲ್ಡ್ ಒಳಗೆ ದಾರಿ ಬಿಡಿಸಿದ್ದು 9 ಎಂಜಿನಿಯರ್ ರೆಜಿಮೆಂಟಿನ ತಂಬಿಗಳು, ಮೇಲಿಂದ ಶೆಲ್ ಬೀಳುತ್ತಿರುವಾಗಲೇ. ದಾರಿ ಪೂರ್ತಿ ಆಗುವ ಮೊದಲೇ ಖೇತರ್‌ಪಾಲರ ರೆಜಿಮೆಂಟ್ ಪೂನಾ ಹಾರ್ಸ್‌ನ ಟ್ಯಾಂಕುಗಳು ನುಗ್ಗಿದವು, ಯಾಕೆಂದರೆ ಆ ಕಡೆಯ ಕಾಲಾಳುಗಳ ಮೇಲೆ ಶತ್ರುವಿನ ಟ್ಯಾಂಕ್ ಬರುತ್ತಿದ್ದವು. ಇನ್ನು ಹಿಂದಕ್ಕೆ ಹೋಗಿ ನೋಡಿ. ಟ್ಯಾಂಕಿಗೆ ಡೀಸೆಲ್, ತೋಪಿಗೆ ಶೆಲ್, ತಂಬಿಗಳಿಗೆ ರೊಟ್ಟಿ ತಂದವರು ಯಾರು? ನಿಮ್ಮಪ್ಪನಂಥವರು. ಅಪ್ಪ ಹೇಳುತ್ತಿದ್ದ ಒಂದು ಮಾತು ನೆನಪಿದೆ: ರಾತ್ರಿ ಎಎಸ್‌ಸಿ ಗಾಡಿಗಳ ಸಾಲು ಬಂತು ಎಂದರೆ ನಮಗೆ ಜೀವ ಬಂದ ಹಾಗೆ, ಆ ಡ್ರೈವರುಗಳಿಗೆ ಮಾತ್ರ ಅಡಗಲು ಒಂದು ಗುಂಡಿಯೂ ಇಲ್ಲ. ನಾವು ನೆಲದೊಳಗೆ ಇಳಿಯಬಹುದಿತ್ತು, ಅವರು ಮದ್ದುಗುಂಡಿನ ಮುಂದೆಯೇ ಕೂತಿರಬೇಕಿತ್ತು.

ಆ ಲಾರಿಗಳು ರಾತ್ರಿ ಓಡುತ್ತಿದ್ದದ್ದು ಹೆಡ್‌ಲೈಟ್ ಇಲ್ಲದೆ. ಪ್ರತಿ ಗಾಡಿಯ ಹಿಂದಿನ ಡಿಫ್ರೆನ್ಷಿಯಲ್ ಗುಂಡಿಗೆ, ಅಂದರೆ ಹಿಂದಿನ ಚಕ್ರಗಳ ನಡುವೆ ಉಬ್ಬಿಕೊಂಡಿರುವ ದುಂಡನೆಯ ಭಾಗಕ್ಕೆ, ಬಿಳಿ ಬಣ್ಣ ಬಳಿದು ಅದರ ಮೇಲೆ ಬೀಳುವ ಹಾಗೆ ಒಂದು ಸಣ್ಣ ಬಲ್ಬ್ ಇಟ್ಟಿರುತ್ತಾರೆ. ಹಿಂದಿನ ಡ್ರೈವರ್ ಆ ಬಿಳಿ ಗುಂಡಿಯನ್ನೇ ನೋಡಿಕೊಂಡು ರಾತ್ರಿಯಿಡೀ ಓಡಿಸಬೇಕು. ಇದು ಗೊತ್ತಿದ್ದವರು ಯಾರೂ ನಿಮ್ಮಪ್ಪನ ಕೈಗೆ ರೈಫಲ್ ಕೊಡುವುದಿಲ್ಲ, ಸ್ಟೀರಿಂಗ್ ಕೊಡುತ್ತಾರೆ.

ಘಟಪ್ರಭಾ ದಂಡೆ

ಅಕ್ಕಾ, ಇದನ್ನು ಅವ್ವನಿಗೆ ಓದಿ ಹೇಳಿದೆ. "ಬಿಳಿ ಗುಂಡಿ ವಿಷಯ ನನಗೂ ಹೇಳಿದ್ರು" ಅಂದಳು! ನಮಗೆ ಒಂದು ದಿನವೂ ಹೇಳಿಲ್ಲ ನೋಡಿ. ಮದುವೆಯಾದ ಹೊಸದರಲ್ಲಿ ಅವಳಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳೂ ಟ್ರಂಕಿನಲ್ಲಿ ಇವೆಯಂತೆ. ಕೆಲವು ಹುಳ ಹಿಡಿದಿವೆ.

ಹಳೇ ಸುಬೇದಾರ್

ಪತ್ರ ಇದ್ದರೆ ವಿಳಾಸ ನೋಡಿ ತಮ್ಮಾ. 56 ಎಪಿಒ ಇದೆಯಾ, 99 ಎಪಿಒ ಇದೆಯಾ? ಎಪಿಒ ಎಂದರೆ ಸೇನೆಯ ಅಂಚೆ ಕಚೇರಿ. ಸಾಮಾನ್ಯವಾಗಿ 56 ಎಂದರೆ ದೆಹಲಿಯಿಂದ ವಿಂಗಡಣೆಯಾಗಿ ಪಶ್ಚಿಮ, ಉತ್ತರದ ಕಡೆ ಹೋಗುವ ಟಪಾಲು. 99 ಎಂದರೆ ಕಲ್ಕತ್ತೆಯಿಂದ ಪೂರ್ವಕ್ಕೆ. ಪಕ್ಕದಲ್ಲೇ ಯೂನಿಟ್ ಹೆಸರೂ ಇರುತ್ತದೆ, ಎಷ್ಟನೇ ಎಎಸ್‌ಸಿ ಬೆಟಾಲಿಯನ್ ಅಂತ. ಯೂನಿಟ್ ತಿಳಿದರೆ ಅರ್ಧ ಕೆಲಸ ಆದಂತೆ, ಅದೇ ಯೂನಿಟ್ಟಿನ ಹಳಬರು ಯಾರಾದರೂ ಬದುಕಿದ್ದರೆ ಹುಡುಕಬಹುದು. ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಮಡಿಕೆ ಬಿಡಿಸಿ ಫೋಟೋ ತೆಗೆದಿಡಿ ಸಾಕು.

ಕೊಡಗಿನ ಮಳೆ

ನಮ್ಮ ಕಡೆ ಸೈನಿಕರ ಪುತ್ಥಳಿ ಹೊಸದೇನಲ್ಲ. ಮಡಿಕೇರಿಯಲ್ಲಿ ಕಾರ್ಯಪ್ಪ ಇದ್ದಾರೆ, ತಿಮ್ಮಯ್ಯ ಇದ್ದಾರೆ, ಅಜ್ಜಮಾಡ ದೇವಯ್ಯ ಇದ್ದಾರೆ. ತಿಮ್ಮಯ್ಯನವರ ಮನೆ 'ಸನ್ನಿಸೈಡ್' 2021ರಿಂದ ಮ್ಯೂಸಿಯಂ ಆಗಿದೆ, ಆ ಕಡೆ ಬಂದರೆ ನೋಡಿ.

ದೇವಯ್ಯನವರ ಕತೆ ಇಲ್ಲಿಗೆ ಸಲ್ಲುತ್ತದೆ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿ. ಇವರ ಮಿಸ್ಟೇರ್ ವಿಮಾನ ವಾಪಸ್ ಬರಲಿಲ್ಲ. ಏನಾಯಿತು ಅಂತ ನಮ್ಮವರಿಗೆ ತಿಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಇಂಗ್ಲೆಂಡಿನ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ವಿವರ ಇಟ್ಟುಕೊಂಡು ಬರೆದಾಗ ಗೊತ್ತಾಯಿತು. ಪೆಟ್ಟು ತಿಂದ ಆ ಹಳೇ ವಿಮಾನದಲ್ಲೇ ದೇವಯ್ಯ ತಿರುಗಿ ಬಿದ್ದು, ಅದಕ್ಕಿಂತ ಎಷ್ಟೋ ಪಾಲು ವೇಗದ ಸ್ಟಾರ್‌ಫೈಟರ್ ಒಂದನ್ನು ಹೊಡೆದುರುಳಿಸಿದ್ದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ. ಶತ್ರುವಿನ ಕಡೆಯ ದಾಖಲೆ ಬಾಯಿಬಿಡದೇ ಇದ್ದಿದ್ದರೆ ಇವತ್ತಿಗೂ ಅವರು 'ಕಾಣೆಯಾದ' ಪೈಲಟ್ಟೇ. ಹಾಗಾಗಿ ಮೊದಲು ಕಾಗದ ಸರಿಮಾಡಿಕೊಳ್ಳಿ, ಆಮೇಲೆ ಕಲ್ಲೋ ಫೈಬರ್ರೋ.

ನಮ್ಮ ಅಪ್ಪನೂ 71ರವರೇ. ಅವರಿಗೆ ಪುತ್ಥಳಿ ಇಲ್ಲ. ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಫೋಟೋ ಇದೆ, ಕಾರೋಣರಿಗೆ, ಅಂದರೆ ಕುಲದ ಹಿರಿಯರಿಗೆ ಇಡುವಾಗ ಅವರಿಗೂ ಮೀದಿ (ಎಡೆ) ಇಡುತ್ತೇವೆ. ಅವರಿಗೆ ಇಷ್ಟವಾದ ರಮ್ ಸಹಿತ, ಬಿಡಿ ಅದು ನಮ್ಮ ಪದ್ಧತಿ.

ಲೆಸ್ಟರ್ ಕನ್ನಡಿಗ

ಇಲ್ಲಿ ಇಂಗ್ಲೆಂಡಿನಲ್ಲಿ ನವೆಂಬರ್ ಬಂತೆಂದರೆ ಮಕ್ಕಳು, ಮೊಮ್ಮಕ್ಕಳು ಅಪ್ಪ ಅಜ್ಜಂದಿರ ಪದಕ ಹಾಕಿಕೊಂಡು ಮೆರವಣಿಗೆಯಲ್ಲಿ ನಡೆಯುತ್ತಾರೆ, ಎದೆಯ ಬಲಗಡೆ. ನಮ್ಮಲ್ಲೂ ಹಾಗೆ ಹಾಕಬಹುದಾ?

ನನ್ನ ತಂದೆ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿಬಂದವರು, ನಾನು ಅವರಿಗೆ ತಡವಾಗಿ ಹುಟ್ಟಿದ ಮಗ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಹುಡುಕಿದೆ. ಅಲ್ಲಿ ಇರುವುದು ಹೆಚ್ಚಾಗಿ ಅಧಿಕಾರಿಗಳ ದಾಖಲೆ, ಸಿಪಾಯಿಗಳದ್ದೆಲ್ಲ ಭಾರತದ ರೆಜಿಮೆಂಟುಗಳಲ್ಲೇ ಉಳಿದವು ಅಂದರು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್‌ನವರ ಪಟ್ಟಿಯಲ್ಲಿ ಸತ್ತವರು ಮಾತ್ರ. ಬದುಕಿ ಬಂದವರನ್ನು ಹುಡುಕುವುದೇ ಕಷ್ಟ ಕಣ್ರೀ.

ಹಳೇ ಸುಬೇದಾರ್

ದೆಹಲಿಯಲ್ಲೂ ಅದೇ. 2019ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ಎಲ್ಲ ಪ್ರಾಣ ಕೊಟ್ಟವರದು. ಅದು ಸರಿಯೇ. ಹಿಂದಿರುಗಿ ಬಂದವನ ಹೆಸರು ಬರೆಯಬೇಕಾದವರು ಮನೆಯವರು.

ಪದಕ ಬಲಗಡೆ ಹಾಕಿಕೊಳ್ಳುವುದು ಇಲ್ಲೂ ನೋಡಿದ್ದೇನೆ, ಶ್ರದ್ಧಾಂಜಲಿ ಕಾರ್ಯಕ್ರಮಗಳಲ್ಲಿ ವೀರಪತ್ನಿಯರು ಹಾಕಿಕೊಂಡು ಬರುತ್ತಾರೆ. ಎಡಗಡೆ ಮಾತ್ರ ಬೇಡ, ಅದು ಗಳಿಸಿದವನ ಜಾಗ. ಮದುವೆ ಮುಂಜಿಗೆಲ್ಲ ಹಾಕಿಕೊಂಡು ಹೋಗಬೇಡಿ ಮತ್ತೆ.

ಮತ್ತೆ ತಮ್ಮಾ, ನೀವು ಕೇಳದ ಪ್ರಶ್ನೆ ಒಂದಿದೆ. ತಾಯಿಯವರಿಗೆ ಫ್ಯಾಮಿಲಿ ಪೆನ್ಷನ್ ಶುರುವಾಗಿದೆಯಾ?

ಘಟಪ್ರಭಾ ದಂಡೆ

ಇಲ್ಲ ಸರ್. ಸೇನೆಯ ದಾಖಲೆಯಲ್ಲಿ ಅವ್ವನ ತವರಿನ ಹೆಸರಿದೆ, ಆಧಾರ್‌ನಲ್ಲಿ ಮದುವೆಯಾದ ಮೇಲೆ ಇಟ್ಟ ಹೆಸರು. ಹುಟ್ಟಿದ ದಿನಾಂಕವೂ ಹೊಂದುತ್ತಿಲ್ಲ. ಓಡಾಡುತ್ತಿದ್ದೇವೆ, ಒಂದು ಕಡೆ ಕೇಳಿದರೆ ಇನ್ನೊಂದು ಕಡೆ ಕಳಿಸುತ್ತಾರೆ.

ಹಳೇ ಸುಬೇದಾರ್

ಹಾಗಾದರೆ ಪದಕ, ಪುತ್ಥಳಿ ಎಲ್ಲ ಪಕ್ಕಕ್ಕಿಡಿ. ಹದಿನೈದು ವರ್ಷ ಆ ಮನುಷ್ಯ ಗಾಡಿ ಓಡಿಸಿದ್ದೇ ಈ ಪಿಂಚಣಿಗಾಗಿ. ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ, ಅದರ ಜೊತೆ ಮದುವೆಯ ಸಂಬಂಧ ತೋರಿಸುವ ಯಾವುದಾದರೂ ಹಳೇ ಕಾಗದ ಇಟ್ಟು, ರೆಕಾರ್ಡ್ ಆಫೀಸಿಗೆ ಹೆಸರು ತಿದ್ದುಪಡಿಗೆ ಬರೆಯಿರಿ. ಆ ಇನ್‌ಲ್ಯಾಂಡ್ ಪತ್ರದಲ್ಲಿ ಅಪ್ಪ ಅವರನ್ನು ಯಾವ ಹೆಸರಿಂದ ಕರೆದಿದ್ದಾರೆ ನೋಡಿ, ಅದರ ಪ್ರತಿಯೂ ಇರಲಿ. ಪಿಂಚಣಿ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ, ಅಲ್ಲೂ ಹೆಸರು ಹಾಗೇ ಬರಬೇಕು. ತಾಯಿಯವರ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡು ನಿಂತುಹೋಗದಂತೆ ನೋಡಿಕೊಳ್ಳಿ, ಆಸ್ಪತ್ರೆ ಖರ್ಚು ಬಂದಾಗ ಅದರ ಬೆಲೆ ತಿಳಿಯುತ್ತದೆ.

ಶಕ್ತಿಮಾನ್ ಮಗ

ಈ ಚರ್ಚೆಯ 'ಅಣ್ಣ' ನಾನೇ. ತಮ್ಮ ಲಿಂಕ್ ಕಳಿಸಿದ. ಎಲ್ಲ ಓದಿದೆ. ನನ್ನನ್ನು ಪುತ್ಥಳಿ ಹುಚ್ಚಿನವನು ಅಂತ ತಿಳಿದಿದ್ದೀರಿ, ಅದಕ್ಕೆ ನಾನೂ ನಾಲ್ಕು ಮಾತು ಬರೆಯುತ್ತೇನೆ.

ತಮ್ಮ ಹುಟ್ಟಿದ್ದು ಅಪ್ಪ ಪಿಂಚಣಿಗೆ ಬಂದ ಮೇಲೆ. ನಾನು ದೊಡ್ಡವನು. ಚಹಾದಂಗಡಿ ಮುಂದೆ ಅಪ್ಪನ ಜೊತೆ ಕೂತು ಕೇಳಿಸಿಕೊಂಡವನು. ನಮ್ಮ ಕಡೆ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿದ್ದವರು ತುಂಬಾ ಜನ, ಬೆಳಗಾವಿಯಲ್ಲೇ ಅವರ ಸೆಂಟರ್ ಇರುವುದಲ್ವಾ. ಅವರಲ್ಲಿ 71ರಲ್ಲಿ ಪೂರ್ವ ಪಾಕಿಸ್ತಾನದ ಜಮಾಲಪುರದಲ್ಲಿ ಕಾದಾಡಿದವರೂ ಒಬ್ಬರಿದ್ದರು. ಪಾಕಿಸ್ತಾನದ ಕರ್ನಲ್‌ಗೆ ಶರಣಾಗು ಅಂತ ನಮ್ಮ ಬ್ರಿಗೇಡಿಯರ್ ಚೀಟಿ ಕಳಿಸಿದರೆ, ಅವನು ಉತ್ತರದ ಜೊತೆ ಒಂದು ಗುಂಡು ಸುತ್ತಿ ಕಳಿಸಿದನಂತೆ. ಆಮೇಲೆ ಅವರ ದಂಡು ರಾತ್ರಿ ತಪ್ಪಿಸಿಕೊಂಡು ಹೋಗಲು ಬಂದು ನೇರ ಮರಾಠರ ಮುಂದೆಯೇ ಬಿತ್ತಂತೆ. ಊರೆಲ್ಲ ಬಾಯಿ ತೆರೆದು ಕೇಳುತ್ತಿತ್ತು. ಅಪ್ಪನ ಸರದಿ ಬಂದಾಗ ಯಾರೋ ಒಬ್ಬ, "ಇವನು ಏನು ಹೇಳ್ತಾನೆ, ಇವನು ಲಾರಿ ಓಡಿಸಿದಾಂವ" ಅಂದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಅವತ್ತಿಂದ ಅವರು ಯುದ್ಧದ ಮಾತೇ ಎತ್ತಲಿಲ್ಲ. ಅವರು ಮಾತಾಡದವರು ಅಂತ ತಮ್ಮ ಬರೆದಿದ್ದಾನಲ್ಲ, ಅದು ಹೀಗೆ ಆದದ್ದು.

ಅದಕ್ಕೇ ರೈಫಲ್. ಆ ನಕ್ಕವರ ಮಕ್ಕಳು ದಿನಾ ಅಗಸಿ ದಾಟುವಾಗ ನೋಡಲಿ ಅಂತ.

ತಂಬಿಯ ಮಗಳು

ಅಣ್ಣಾ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಅವರ ಕೈಗೆ ರೈಫಲ್ ಕೊಟ್ಟರೆ ಆ ನಕ್ಕವನ ಮಾತೇ ಸರಿ ಎಂದು ನೀವೂ ಒಪ್ಪಿಕೊಂಡ ಹಾಗಾಗುತ್ತದೆ. ಲಾರಿ ಓಡಿಸಿದ್ದು ಸಾಲದು, ಅದನ್ನು ಮುಚ್ಚಿಡಬೇಕು ಅಂತ. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಮೊದಲು ಬಾಂಬ್ ಹಾಕಿದ ಕಡೆಗಳಲ್ಲಿ ಪಠಾಣ್‌ಕೋಟ್ ಒಂದು. ಆ ರಸ್ತೆಯಲ್ಲಿ ಯುದ್ಧ ನಿಲ್ಲುವ 17ರ ತನಕ ಗಾಡಿ ಓಡಿದೆ. ಶಕ್ತಿಮಾನ್ ಲಾರಿಯನ್ನೇ ಕಲ್ಲಿನಲ್ಲಿ ಕೆತ್ತಿಸಿ. ಪಕ್ಕದಲ್ಲಿ ಅಪ್ಪ ನಿಂತಿರಲಿ, ಬಾಗಿಲ ಮೇಲೆ ಕೈ ಇಟ್ಟುಕೊಂಡು. ಬಾದಾಮಿ, ಇಳಕಲ್ ಕಡೆ ಒಳ್ಳೇ ಕಲ್ಲು ಸಿಗುತ್ತದೆ, ಕೆತ್ತುವವರೂ ಇದ್ದಾರೆ.

ಪಂಚಾಯ್ತಿ ಕಟ್ಟೆ

ಲಾರಿ ಕಲ್ಲಿಗೆ ನನ್ನ ಪೂರ್ತಿ ಓಟು. ಹೊಲದ ಬದುವಿನಲ್ಲೋ ಮನೆ ಮುಂದೆಯೋ ಹಾಕಿಸಿ, ರಸ್ತೆಗೆ ಕಾಣುವಂತಿರಲಿ. ಆ ನಕ್ಕವರ ಮಕ್ಕಳಿಗೂ ಕಂಡೇ ಕಾಣುತ್ತದೆ 😀

ಧಾರವಾಡದ ಬಿಸಿಲು

ಕಲ್ಲಾದರೆ ನನ್ನ ತಕರಾರಿಲ್ಲ. ಬಣ್ಣ ಹಚ್ಚಬೇಡಿ ಅಷ್ಟೇ. ದತ್ತಿ ಮಾತು ಮಾತ್ರ ಬಿಡುವುದಿಲ್ಲ.

ಶಕ್ತಿಮಾನ್ ಮಗ

ಯೋಚನೆ ಮಾಡುತ್ತೇನೆ. ಫೈಬರಿನವರಿಗೆ ಮುಂಗಡ ಕೊಟ್ಟಿದ್ದೇನೆ, ವಾಪಸ್ ಕೊಡುತ್ತಾರೋ ಇಲ್ಲವೋ. ಮೊದಲು ಅವ್ವನ ಅಫಿಡವಿಟ್. ಸೋಮವಾರ ನಾನೂ ತಮ್ಮನೂ ಬೆಳಗಾವಿಗೆ ಹೋಗುತ್ತೇವೆ. ತಂಬಿಯ ಮಗಳು ಅಕ್ಕಾರ, ಆ ಬಿಳಿ ಗುಂಡಿ ಕಲ್ಲಿನಲ್ಲಿ ಕಾಣಬೇಕಾದರೆ ಲಾರಿಯನ್ನು ಹಿಂದಿನಿಂದ ಕೆತ್ತಬೇಕಾಗುತ್ತದಲ್ಲ? ಆಗ ಅಪ್ಪನ ಮುಖ ಎಲ್ಲಿ ಬರಬೇಕು?

ತಂಬಿಯ ಮಗಳು

ಎರಡು ಲಾರಿ ಕೆತ್ತಿಸಿ. ಮುಂದಿನದರ ಹಿಂಭಾಗ ಕಾಣಲಿ, ಹಿಂದಿನದರಲ್ಲಿ ಅಪ್ಪ ಕೂತಿರಲಿ.

ತುಂಗೆಯ ನೀರು

ಮಧ್ಯೆ ಬಂದಿದ್ದಕ್ಕೆ ಬೇಸರ ಮಾಡ್ಕೋಬೇಡಿ. ನಮ್ಮಪ್ಪ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿದ್ದರು, ಐಪಿಕೆಎಫ್, 1987ರಲ್ಲಿ. ಡಿಸ್ಚಾರ್ಜ್ ಬುಕ್ಕೇ ಸಿಗುತ್ತಿಲ್ಲ. ಬರೀ ಸರ್ವಿಸ್ ನಂಬರ್ ಗೊತ್ತು. ಅದರಿಂದ ಏನಾದರೂ ಆಗುತ್ತದಾ? ನಂಬರ್ ಇಲ್ಲೇ ಹಾಕಲಾ?

ಹಳೇ ಸುಬೇದಾರ್

ನಂಬರ್ ಇಲ್ಲಿ ಹಾಕಲೇಬೇಡಿ, ಪಿಂಚಣಿ ಹೆಸರಲ್ಲಿ ಮೋಸ ಮಾಡುವವರು ಇಂಥ ಕಡೆಯೇ ಹುಡುಕುತ್ತಿರುತ್ತಾರೆ. ನಂಬರ್ ಇದ್ದರೆ ಯಾವ ಕೋರ್, ಯಾವ ರೆಕಾರ್ಡ್ ಆಫೀಸ್ ಅಂತ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲೇ ಹೇಳುತ್ತಾರೆ. ಲಂಕೆಗೆ ಹೋದವರಿಗೆ ವಿದೇಶ ಸೇವಾ ಮೆಡಲ್ ಇದೆ, ಅದನ್ನೂ ಕೇಳಿ. ಬೇರೆ ಚರ್ಚೆ ಶುರು ಮಾಡಿ ತಾಯಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.